ಸಹಜ ಸವೆತವಿಲ್ಲದ ಕಾರು

ಲೀಸಿಗೆ ತೆಗೆದುಕೊಂಡ ಎಲೆಕ್ಟ್ರಿಕ್ ಕಾರನ್ನು ಅವಧಿ ಮುಗಿದ ಮೇಲೆ ಕಂಪನಿಗೆ ಹಿಂದಿರುಗಿಸಬಹುದು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ನಂಬದಿರಲು ಕಾರಣವೂ ಇರಲಿಲ್ಲ. ಕಂಪನಿಯ ಕರಪತ್ರದಲ್ಲಿ “ಮೂರು ವರ್ಷ ಓಡಿಸಿ, ಕೀ ಕೊಟ್ಟು ಹೋಗಿ” ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ಒಬ್ಬ ಗಂಡಸು ಕೀ ಕೊಟ್ಟು ನಗುತ್ತಾ ನಡೆದು ಹೋಗುವ ಚಿತ್ರವಿತ್ತು. ಚಿತ್ರದಲ್ಲಿ ಕೀ ತೆಗೆದುಕೊಳ್ಳುವ ಕೈ ಇರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ನಂಬಿದವರ ಪೈಕಿ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕರೂ ಒಬ್ಬರು. ಕೊಟ್ಟದ್ದು ವಾಪಸ್ ಬರುತ್ತದೆ ಎಂಬ ಒಂದೇ ಆಧಾರದ ಮೇಲೆ ಇಪ್ಪತ್ತಾರು ವರ್ಷ ಸಂಬಳ ಪಡೆದವರು. ಹದಿನಾಲ್ಕನೆಯ ದಿನ ಪುಸ್ತಕ ತರಬೇಕು, ತಂದವರಿಗೆ ಮುದ್ರೆ ಒತ್ತಿ ಕೊಡಬೇಕು. ನಾಗರಿಕತೆ ಎಂದರೆ ಇಷ್ಟೇ ಎಂಬುದು ಅವರ ಅಭಿಪ್ರಾಯವಾಗಿತ್ತು. ಕಾರು ಮನೆಗೆ ಬಂದ ದಿನವೇ ಅವರು ಅದನ್ನು ಹೊಸ ಪುಸ್ತಕದಂತೆ ನಡೆಸಿಕೊಂಡರು. ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲ. ಕಾಲಡಿ ದಿನಪತ್ರಿಕೆ ಹಾಸಿ ವಾರಕ್ಕೊಮ್ಮೆ ಬದಲಿಸಿದರು. ಬಾಗಿಲಿನ ಹಿಡಿಗೆ ಬಟ್ಟೆ ಸುತ್ತಿದರು. ಮೂರು ವರ್ಷದಲ್ಲಿ ಆ ಕಾರಿನೊಳಗೆ ಯಾರೂ ಒಂದು ಬಿಸ್ಕತ್ತನ್ನೂ ತಿನ್ನಲಿಲ್ಲ.

“ನಮ್ಮದಲ್ಲ ಕಣೇ ಇದು. ವಾಪಸ್ ಕೊಡಬೇಕಾದ ವಸ್ತು,” ಎನ್ನುತ್ತಿದ್ದರು.

“ನನ್ನನ್ನ ಯಾವತ್ತಾದ್ರೂ ಇಷ್ಟು ಜೋಪಾನ ಮಾಡಿದೀರಾ?” ಎಂದು ಹೆಂಡತಿ ಕೇಳಿದ್ದರು. ಅವರು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಯಾವುದನ್ನೂ ನಮೂನೆ ನೋಡದೆ ಒಪ್ಪುವವರಲ್ಲ.

“ನಿನ್ನನ್ನ ವಾಪಸ್ ಕೊಡೋ ಹಾಗಿಲ್ವಲ್ಲ.”

ಲೀಸಿನ ಅವಧಿ ಆ ತಿಂಗಳ ಇಪ್ಪತ್ತೆಂಟರ ಸಂಜೆ ಐದಕ್ಕೆ ಮುಗಿಯುವುದಿತ್ತು. ಅಷ್ಟರೊಳಗೆ ಕಾರು ಹಿಂದಿರುಗದಿದ್ದರೆ ಒಪ್ಪಂದ ಇನ್ನೂ ಮೂರು ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ ಎಂದು ಒಪ್ಪಂದದ ಹಿಂಬದಿಯಲ್ಲಿ ಬರೆದಿತ್ತು. ಇದೇ ಇಪ್ಪತ್ತೆಂಟಕ್ಕೆ ಗ್ರಂಥಪಾಲಕರ ಅತ್ತೆಯವರು ಆಸ್ಪತ್ರೆಯಿಂದ ಬಿಡುಗಡೆಯಾಗುವವರಿದ್ದರು. ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದವರು, ಮಗಳ ಮನೆಯಲ್ಲೇ ಇದ್ದವರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಇನ್ನು ಮುಂದೆ ಮೆಟ್ಟಿಲು ಹತ್ತುವ ಹಾಗಿಲ್ಲ ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ಮನೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲಿನ ಮೇಲೆ. ಕೆಳಗೆ ಇದ್ದದ್ದು ಕಾರು ನಿಲ್ಲುವ ಶೆಡ್ಡು ಮಾತ್ರ.

ಗಾರೆ ಕೆಲಸದ ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡ. “ಕಾರು ಹೊರಗೆ ಹೋದ್ರೆ ಎಂಟು ದಿನ ಸಾಕು ಸಾರ್. ಬಾಗಿಲು, ಕಿಟಕಿ, ಮೂಲೇಲಿ ಒಂದು ಬಾತ್‌ರೂಮು. ಅಮ್ಮನಿಗೆ ಅರಮನೆ.”

“ಸದ್ಯಕ್ಕೆ ಬೀದೀಲಿ ನಿಲ್ಲಿಸೋಣ,” ಎಂದರು ಹೆಂಡತಿ.

ಅದಕ್ಕೆ ಅವಕಾಶವಿರಲಿಲ್ಲ. ವಾಹನವು ನೋಂದಾಯಿತ ವಿಳಾಸದಲ್ಲಿ, ಸೂರಿನ ಕೆಳಗೆ, ಚಾರ್ಜರಿನ ಪಕ್ಕದಲ್ಲೇ ತಂಗತಕ್ಕದ್ದು ಎಂಬ ಷರತ್ತಿತ್ತು. ತಂಗದಿದ್ದರೆ ಕಾರು ತಾನೇ ಕಂಪನಿಗೆ ದೂರು ಕೊಡುತ್ತಿತ್ತು. ಹಿಂದೊಮ್ಮೆ ನೆಂಟರ ಮನೆಯಲ್ಲಿ ಉಳಿದಾಗ ಕೊಟ್ಟೂ ಇತ್ತು.

ಹದಿನಾರನೆಯ ತಾರೀಖು ಗ್ರಂಥಪಾಲಕರು ಕಾರು ತೆಗೆದುಕೊಂಡು ವಾಹನ ಹಿಂಪಡೆಯುವ ಕೇಂದ್ರಕ್ಕೆ ಹೋದರು. ಕೇಂದ್ರ ಊರಾಚೆ, ಟೈರಿನ ಗೋದಾಮಿಗೂ ಕಲ್ಲು ಕೊಯ್ಯುವ ಕಾರ್ಖಾನೆಗೂ ನಡುವೆ ಇತ್ತು. ಒಂದು ಒಳಗೇಟು, ಒಂದು ಹೊರಗೇಟು, ನಡುವೆ ತಪಾಸಣೆಯ ತಗಡಿನ ಮಾಡು. ಸರದಿಯಲ್ಲಿ ಒಂಬತ್ತು ಕಾರುಗಳಿದ್ದವು. ಅವುಗಳ ಚಾಲಕರೆಲ್ಲ ಒಬ್ಬರಿಗೊಬ್ಬರು ಚೆನ್ನಾಗಿ ಪರಿಚಿತರು. ಮಕ್ಕಳ ಪರೀಕ್ಷೆ, ಮಂಡಿನೋವು ವಿಚಾರಿಸಿಕೊಳ್ಳುತ್ತಿದ್ದರು. ಗ್ರಂಥಪಾಲಕರು ಇದನ್ನು ಸೌಜನ್ಯ ಎಂದುಕೊಂಡರು.

ತಪಾಸಣಾಧಿಕಾರಿ ಸಭ್ಯ ಮನುಷ್ಯ. ಅವನ ಮೇಜಿನ ಮೇಲೆ ಮುದ್ರೆಯೂ ಶಾಯಿಪೆಟ್ಟಿಗೆಯೂ ಇದ್ದದ್ದನ್ನು ಕಂಡು ಗ್ರಂಥಪಾಲಕರಿಗೆ ಧೈರ್ಯ ಬಂತು. ಅವನು ಟಾರ್ಚು ಹಿಡಿದು ಒಂದು ಗಂಟೆ ಕಾರಿನ ಸುತ್ತ, ಕೆಳಗೆ, ಒಳಗೆ ನೋಡಿದ. ಮುಖ ಸಣ್ಣದಾಯಿತು.

“ಸಾರ್, ಇದರಲ್ಲಿ ಸವೆತವೇ ಇಲ್ಲ.”

“ಹೌದು,” ಎಂದರು ಗ್ರಂಥಪಾಲಕರು ನಾಚಿಕೊಂಡು.

“ಅದೇ ತೊಂದರೆ. ಷರತ್ತು ಹದಿನೇಳು ನೋಡಿ. ಹಿಂದಿರುಗುವ ವಾಹನದಲ್ಲಿ ಕನಿಷ್ಠ ಮೂರು ಸಹಜ ಸವೆತಗಳನ್ನು ನಮೂದಿಸತಕ್ಕದ್ದು. ಫಾರಂನಲ್ಲಿ ಮೂರು ಖಾನೆ ಇದೆ. ನಾನೇನು ಬರೀಲಿ?”

“ಇಲ್ಲ ಅಂತ ಬರೀರಿ.”

“ಇಲ್ಲ ಅನ್ನೋದು ಸವೆತ ಅಲ್ವಲ್ಲ ಸಾರ್.”

ಅವನು ಒಂದು ಚೀಟಿ ಕೊಟ್ಟ. ಅದರಲ್ಲಿ “ವಾಹನವು ಅನುಮಾನಾಸ್ಪದವಾಗಿ ಚೆನ್ನಾಗಿದೆ. ಮೂರು ದಿನ ಬಿಟ್ಟು ಬರುವುದು” ಎಂದಿತ್ತು.

ಹೆಂಡತಿ ಚೀಟಿ ಓದಿ ಎರಡು ಪೊಟ್ಟಣ ಬಿಸ್ಕತ್ತು ಒಡೆದರು. ಹಿಂದಿನ ಸೀಟಿನ ಪ್ಲಾಸ್ಟಿಕ್ ಕಿತ್ತು ಹಾಕಿ, ಕಾಲು ಮೇಲೆ ಹಾಕಿ ಕೂತು, ಅರ್ಧ ದಿನ ರಜೆ ಹಾಕಿ ತಿಂದರು. ಮೂರು ವರ್ಷದ ಲೆಕ್ಕ ಅವತ್ತು ಚುಕ್ತಾ ಆಯಿತು ಎಂದರು. ಎರಡನೆಯ ಸವೆತವನ್ನು ಮೇಸ್ತ್ರಿ ವಹಿಸಿಕೊಂಡ. “ನಾನು ಕೆಲಸದ ಚಡ್ಡೀಲಿ ಎರಡು ರೌಂಡು ಕೂತ್ಕೊಂಡ್ರೆ ಆಯ್ತು ಸಾರ್,” ಎಂದ, ಕೂತ, ಆಯಿತು. ಮೂರನೆಯದು ಒಂದು ಗೀರು. ಅದನ್ನು ಹಾಕುವ ಕೆಲಸ ಗ್ರಂಥಪಾಲಕರ ಪಾಲಿಗೆ ಬಂತು. ಅವರು ಮೊಳೆ ಹಿಡಿದು ಇಪ್ಪತ್ತು ನಿಮಿಷ ಕಾರಿನ ಪಕ್ಕ ನಿಂತಿದ್ದರು. ಪೆನ್ಸಿಲಿನಲ್ಲಿ ಅಡಿಗೆರೆ ಎಳೆದ ಓದುಗರನ್ನು ಗೆರೆ ಅಳಿಸುವ ತನಕ ಮನೆಗೆ ಬಿಡದಿದ್ದವರು ಅವರು. ಕೊನೆಗೆ ಕಣ್ಣು ಮುಚ್ಚಿ ಒಂದು ಗೇಣು ಗೀರಿದರು.

ಹತ್ತೊಂಬತ್ತರಂದು ಅಧಿಕಾರಿ ಬಿಸ್ಕತ್ತಿನ ಪುಡಿಯನ್ನು ಮೆಚ್ಚಿದ. ಸಿಮೆಂಟಿನ ಕಲೆಯನ್ನು “ಉತ್ತಮ” ಎಂದು ನಮೂದಿಸಿದ. ಗೀರಿನ ಹತ್ತಿರ ಬಗ್ಗಿದವನು ತುಸು ಹೊತ್ತು ಎದ್ದೇಳಲಿಲ್ಲ.

“ಸಾರ್, ಇಲ್ಲಿ ಪೆನ್ಸಿಲಲ್ಲಿ ಏನೋ ಬರೆದಿದೆ.”

ಬರೆದಿತ್ತು. ಪುಸ್ತಕಕ್ಕೆ ಹಾನಿಯಾದರೆ ಹಾನಿಯ ಪಕ್ಕದಲ್ಲಿ ತಾರೀಖು ಹಾಕಿ ಸಣ್ಣ ಸಹಿ ಮಾಡುವುದು ಗ್ರಂಥಾಲಯದ ಪದ್ಧತಿ. ಇಪ್ಪತ್ತಾರು ವರ್ಷದ ಕೈ ತಾನಾಗಿ ಮಾಡಿತ್ತು.

“ಸಹಜ ಸವೆತಕ್ಕೆ ತಾರೀಖು ಇರಲ್ಲ ಸಾರ್,” ಎಂದ ಅಧಿಕಾರಿ ನೊಂದುಕೊಂಡು. “ಇದು ಉದ್ದೇಶಪೂರ್ವಕ.”

“ಅಳಿಸ್ತೀನಿ.”

“ನಾನು ಓದಿ ಆಯ್ತು.”

ಹಿಂದಿರುಗುವಾಗ ಹೊರಗೇಟಿನ ಅಡ್ಡಕೋಲು ಹೊತ್ತಿಗೆ ಮುಂಚೆ ಬಿದ್ದು ಕಾರಿನ ನೆತ್ತಿ ಒಂದು ಬಟ್ಟಲಿನಷ್ಟು ತಗ್ಗಾಯಿತು. ಕೇಂದ್ರದ ಗೇಟಿನಿಂದ ಆಗುವ ತಗ್ಗು ಸಹಜ ಎಂಬ ಸುತ್ತೋಲೆ ಮೊದಲೇ ಇದ್ದುದರಿಂದ ಇಪ್ಪತ್ತೆರಡರಂದು ಮೂರೂ ಖಾನೆ ಭರ್ತಿಯಾದವು. ಗ್ರಂಥಪಾಲಕರು ಕೀ ಕೈಗೆ ತೆಗೆದುಕೊಂಡು ಕರಪತ್ರದ ಗಂಡಸಿನ ಹಾಗೆ ನಗಲು ಸಿದ್ಧರಾದರು.

“ಈಗ ಬ್ಯಾಟರಿ,” ಎಂದ ಅಧಿಕಾರಿ.

ಕಾರು ಮೂರು ವರ್ಷದ ಹಿಂದೆ ಅವರ ಕೈ ಸೇರುವಾಗ ಬ್ಯಾಟರಿಯಲ್ಲಿ ಅರವತ್ತನಾಲ್ಕು ಪರ್ಸೆಂಟ್ ಇತ್ತು. ಎಷ್ಟಿತ್ತೋ ಅಷ್ಟೇ ಇರಬೇಕು. ಸರದಿಯಲ್ಲಿ ಕಾರು ಆನ್ ಆಗಿಯೇ ಇರತಕ್ಕದ್ದು ಎಂಬುದು ಇನ್ನೊಂದು ನಿಯಮ. ಎರಡೂವರೆ ಗಂಟೆ ಆನ್ ಆಗಿದ್ದ ಕಾರಿನಲ್ಲಿ ಅರವತ್ತಮೂರು ಉಳಿದಿತ್ತು. ಅಲ್ಲೇ ಗೋಡೆಯಲ್ಲಿ ಒಂದು ಚಾರ್ಜರ್ ಇತ್ತು. ಅದರ ಮೇಲೆ “ಪ್ರದರ್ಶನಕ್ಕೆ ಮಾತ್ರ” ಎಂಬ ಫಲಕವಿತ್ತು.

ಇಪ್ಪತ್ತೈದರಂದು ಅವರು ಹೆಚ್ಚು ತುಂಬಿಸಿಕೊಂಡು ಹೋದರು. ಅವತ್ತು ಸರದಿ ಬೇಗ ಕರಗಿ, ಅರವತ್ತೈದು ಉಳಿಯಿತು.

“ಒಂದು ಪರ್ಸೆಂಟ್ ಜಾಸ್ತಿ ಇದೆ ಸಾರ್. ಇದನ್ನ ನಾನು ಒಳಗೆ ಹಾಕ್ಕೊಂಡ್ರೆ ಲಂಚ ಆಗುತ್ತೆ.”

“ಹೆಡ್‌ಲೈಟ್ ಹಾಕಿ ಇಲ್ಲೇ ಕಮ್ಮಿ ಮಾಡ್ತೀನಿ.”

“ಅಧಿಕಾರಿ ಎದುರಿಗೇ ಸಾಕ್ಷ್ಯ ನಾಶ ಮಾಡ್ತೀನಿ ಅಂತೀರಲ್ಲ ಸಾರ್, ನಿಮ್ಮಂಥ ಓದಿದವರು.”

ಅಷ್ಟರಲ್ಲಿ ಮೇಸ್ತ್ರಿ ಕಾಯುವುದನ್ನು ಬಿಟ್ಟಿದ್ದ. ಕಾರಿಗೆ ತಾಕದ ಹಾಗೆ ಶೆಡ್ಡಿನ ಹಿಂಭಾಗದಲ್ಲಿ ಬಾತ್‌ರೂಮು ಕಟ್ಟಿ, ಪಕ್ಕದ ಗೋಡೆಗೆ ಬಾಗಿಲೂ ಕಿಟಕಿಯೂ ಇಟ್ಟು ಮುಗಿಸಿದ. ಮಂಚ ಬರಬೇಕಾದ ಜಾಗದಲ್ಲಿ ಕಾರು ನಿಂತಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ, “ಮನೇಲಿ ಕೆಳಗಡೆ ರೂಮು ಇದೆಯಾ?” ಎಂದು ಕೇಳಿದಾಗ ಸುಳ್ಳು ಹೇಳಿ ಅಭ್ಯಾಸವಿಲ್ಲದ ಗ್ರಂಥಪಾಲಕರು, “ಇದೆ. ಸದ್ಯಕ್ಕೆ ಖಾಲಿ ಇಲ್ಲ,” ಎಂದರು.

ಇಪ್ಪತ್ತೆಂಟು ಬಂತು. ಆಸ್ಪತ್ರೆ ಹನ್ನೆರಡಕ್ಕೆ ಹಾಸಿಗೆ ಬಿಡಿಸಿತು. ಕೇಂದ್ರದ ಟೋಕನ್ ಎರಡು ಗಂಟೆಗೆ. ಮನೆಗೆ ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ, ಅಷ್ಟು ಪರ್ಸೆಂಟೂ ಇರಲಿಲ್ಲ. ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ದಿಂಬು ಕೊಟ್ಟು ಒರಗಿಸಿ, ಹಿಂದೆ ಮಗಳು ಔಷಧಿಯ ಚೀಲ ಹಿಡಿದು ಕೂತು, ಮೂವರೂ ನೇರ ಕೇಂದ್ರಕ್ಕೆ ಬಂದರು. ವಾಪಸ್ ಹೋಗಲು ಆಂಬುಲೆನ್ಸಿಗೆ ಹೇಳಿಟ್ಟಿದ್ದರು.

ಸರದಿ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಅಧಿಕಾರಿ ಬಗ್ಗಿ ನೋಡಿದ. ಅರವತ್ತನಾಲ್ಕು. ಅವನು ಮುದ್ರೆಯನ್ನು ಶಾಯಿಗೆ ಅದ್ದಿ ಎತ್ತಿದ.

“ಅಮ್ಮ, ಇಳೀರಿ,” ಎಂದ. “ವಾಹನ ಖಾಲಿ ಇರಬೇಕು.”

“ಇಳಿಸೋರು ಬರಲಿ. ಆಂಬುಲೆನ್ಸ್ ಒಳಗೆ ಬಿಡಪ್ಪ.”

“ಒಳಗೇಟಲ್ಲಿ ಎಲೆಕ್ಟ್ರಿಕ್ ಗಾಡಿಗೆ ಮಾತ್ರ ಪ್ರವೇಶ ಅಮ್ಮ.”

“ಹಾಗಾದ್ರೆ ಸ್ಟ್ರೆಚರ್ ತರಿಸು.”

“ಸ್ಟ್ರೆಚರ್‌ಗೆ ಟೋಕನ್ ತಗೋಬೇಕು. ಮೂರು ದಿನ ಆಗುತ್ತೆ.”

ಅತ್ತೆಯವರು ಅವನ ಮುಖವನ್ನೇ ನೋಡಿದರು. ಮೂವತ್ತು ವರ್ಷ ಜನರಿಗೆ “ಲೈನಲ್ಲೇ ಇರಿ” ಎಂದು ಹೇಳಿದವರು. ಆ ದನಿ ಅವರಿಗೆ ಗೊತ್ತು. ಗ್ರಂಥಪಾಲಕರು ಅತ್ತೆಯವರನ್ನು ತಾವೇ ಎತ್ತಿಕೊಳ್ಳಲು ಹೋದರು. “ಎತ್ತೋದು ಬೇಡ ಅಂತ ಡಾಕ್ಟರು ಬರೆದಿದ್ದಾರೆ,” ಎಂದು ಹೆಂಡತಿ ಅಡ್ಡ ಬಂದರು. ಗಂಡಹೆಂಡಿರು ಒಬ್ಬರು ಮುದ್ರೆಯ ಕಡೆ, ಇನ್ನೊಬ್ಬರು ಸೊಂಟದ ಕಡೆ ನೋಡುತ್ತಾ ನಿಂತರು.

“ಬಿಡಿ ಅಳಿಯಂದಿರೇ,” ಎಂದರು ಅತ್ತೆ. “ಆಪರೇಷನ್ ಆದಮೇಲೆ ನನ್ನ ಬೆನ್ನಿಗೆ ಇಷ್ಟು ಹಿತವಾಗಿರೋ ಜಾಗ ಇದೇ ಮೊದಲು. ಇದು ಹಿಂದಕ್ಕೆ ಎಷ್ಟು ಬಗ್ಗುತ್ತೆ?”

ಪೂರ್ತಿ ಬಗ್ಗುತ್ತಿತ್ತು. ಅದನ್ನು ಪರೀಕ್ಷಿಸುವಾಗಲೇ ಐದು ಹೊಡೆಯಿತು. ಕಾರಿನೊಳಗಿನ ಹೆಣ್ಣುದನಿ ಮಾತಾಡಿತು: “ಅಭಿನಂದನೆಗಳು. ನಿಮ್ಮ ಒಪ್ಪಂದ ಮೂರು ವರ್ಷಕ್ಕೆ ಮುಂದುವರಿದಿದೆ.” ಸರದಿಯಲ್ಲಿದ್ದವರು ಬಂದು ಕೈಕುಲುಕಿದರು. ಅಧಿಕಾರಿ ಕಂಪನಿಯ ಪರವಾಗಿ ಒಂದು ಕೀಚೈನು ಕೊಟ್ಟ.

ಅಂದಿನಿಂದ ಅತ್ತೆಯವರು ಕಾರಿನಲ್ಲಿ ಇದ್ದಾರೆ. ಬಾತ್‌ರೂಮು ಮೂರೇ ಹೆಜ್ಜೆ. ವ್ಯಾಯಾಮ ಮಾಡಿಸುವವಳು ಬಾಗಿಲು ತೆರೆದು ಕಾಲು ಎತ್ತಿಸುತ್ತಾಳೆ. ನೋಡಲು ಬಂದವರು ಗಾಜು ತಟ್ಟುತ್ತಾರೆ. ಇಷ್ಟವಾದವರಿಗೆ ಅತ್ತೆ ಗಾಜು ಪೂರ್ತಿ ಇಳಿಸುತ್ತಾರೆ, ಉಳಿದವರಿಗೆ ನಾಲ್ಕು ಬೆರಳಷ್ಟು. ಗ್ರಂಥಪಾಲಕರು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ನಿಯಮ ಮೀರಬಾರದೆಂದು ಕಂಪನಿಗೆ ಪತ್ರ ಬರೆದು ಕೇಳಿದರು. ಉತ್ತರ ಬಂತು: “ವಾಹನದಲ್ಲಿ ವಾಸಿಸುವುದನ್ನು ಒಪ್ಪಂದವು ನಿಷೇಧಿಸಿಲ್ಲ. ವಾಸಿಸುವವರು ಸೀಟ್‌ಬೆಲ್ಟ್ ಧರಿಸತಕ್ಕದ್ದು.” ಅತ್ತೆ ಧರಿಸುತ್ತಾರೆ. ಮಗ್ಗುಲು ಬದಲಿಸಿದಾಗ ಕಾರು ಕುಂಯ್‌ಗುಡುತ್ತದೆ. ಸೀಟು ಚೆನ್ನಾಗಿ ಸವೆಯುತ್ತಿದೆ. ಮುಂದಿನ ಸಲ ಆ ಚಿಂತೆಯಿಲ್ಲ ಎಂದು ಗ್ರಂಥಪಾಲಕರಿಗೆ ಸಮಾಧಾನ. ಅದೇ ಬೀದಿಯಲ್ಲಿ ಇನ್ನೂ ಎರಡು ಮನೆಯವರು ತಮ್ಮ ಹಿರಿಯರನ್ನು ಕಾರಿಗೆ ಇಳಿಸಿದ್ದಾರೆ. ಕಂಪನಿಯ ಹೊಸ ಕರಪತ್ರದಲ್ಲಿ ಕಿಟಕಿಯಿಂದ ನಗುತ್ತಿರುವ ಮುದುಕಿಯೊಬ್ಬರ ಚಿತ್ರವಿದೆ.

ಅತ್ತೆಯವರಿಗೆ ಹೊತ್ತು ಹೋಗಬೇಕಲ್ಲ. ಕಾರಿನ ಫೋನಿನಿಂದ ದಿನಾ ಕೇಂದ್ರಕ್ಕೆ ಕರೆ ಮಾಡುತ್ತಾರೆ. ಮೊದಮೊದಲು ಗೊಣಗುತ್ತಿದ್ದ ಅಧಿಕಾರಿ ಈಗ ಅವರ ಕರೆಗೆ ಕಾಯುತ್ತಾನೆ. ಒಂದು ದಿನ ಅವರು ಕೇಳಿದರು: “ಅಲ್ಲಪ್ಪ, ಅವತ್ತು ಅಲ್ಲಿ ಮೂರು ಗಂಟೆ ಸುಮ್ಮನೆ ಕೂತು ನೋಡಿದೆ. ಒಂದು ಗೇಟು ಒಳಕ್ಕೆ, ಒಂದು ಗೇಟು ಹೊರಕ್ಕೆ. ವಾಪಸ್ ತಗೊಂಡ ಕಾರುಗಳನ್ನ ಎಲ್ಲಿ ನಿಲ್ಲಿಸ್ತೀರಿ?”

“ಲೈನಲ್ಲೇ ಇರಿ ಅಮ್ಮ, ನೋಡಿ ಹೇಳ್ತೀನಿ,” ಎಂದ ಅವನು. ಕಪಾಟು ತೆರೆದ ಸದ್ದು, ಧೂಳು ಕೊಡವಿದ ಸದ್ದು, ಹಾಳೆ ತಿರುವಿದ ಸದ್ದು ಕೇಳಿಸಿತು. ಅವನು ಪ್ರಾಮಾಣಿಕ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿ ಬಂದು ಹೇಳಿದ.

ಕೇಂದ್ರ ತೆರೆದು ಒಂಬತ್ತು ವರ್ಷವಾಗಿತ್ತು. ಅಲ್ಲಿಗೆ ಒಂದು ಕಾರೂ ವಾಪಸ್ ಬಂದಿರಲಿಲ್ಲ.