ಬೇರಿನ ಅಳತೆ

ಅನಂತಮೂರ್ತಿ ಹೆಗಡೆಯವರ ಬಲದವಡೆ ಹಲ್ಲು ಕೈಕೊಟ್ಟದ್ದು ಅವರು ಕೆಲಸಕ್ಕಿದ್ದ ಶಿರಸಿಯ ಅಡಿಕೆ ವಖಾರಿಗೇ ದೊಡ್ಡ ಪೇಚಾಟವಾಯಿತು. ಬಿಸಿಲಿಗೆ ಹಾಕಿದ ಚಾಲಿ ಅಡಿಕೆ ಒಣಗಿದೆಯೋ ಇಲ್ಲವೋ ಎಂದು ಅವರು ಕಚ್ಚಿ ಹೇಳಿದರೆ ಅದರ ಮೇಲೆ ಮಾತಿಲ್ಲ. ಈಗ ಅನ್ನ ಅಗಿದರೂ ಪ್ರಾಣ ಹೋಗುತ್ತಿತ್ತು. ತುತ್ತನ್ನೆಲ್ಲ ನೋವಿಲ್ಲದ ಕಡೆಗೆ ತಳ್ಳಿ ತಳ್ಳಿ ನಾಲಿಗೆಗೆ ಅದೇ ಚಾಳಿಯಾಗಿತ್ತು.

“ಹಲ್ಲು ಸರಿ ಮಾಡ್ಸ್ಕ್ಯಂಡು ಬಾ ಮಾರಾಯ. ಇಲ್ದೇ ಹೋದ್ರೆ ಆನು ತೇವ ನೋಡೋ ಯಂತ್ರ ತರಸ್ತೆ” ಎಂದರು ವಖಾರಿಯ ಸಾಹುಕಾರರು. ಯಂತ್ರ ಬಂದರೆ ಹೆಗಡೆಯವರು ಮನೆಗೆ.

ವಖಾರಿಯ ಲಾರಿ ಡ್ರೈವರ್ ಅಸ್ಲಂ ಅವರನ್ನು ದಂತವೈದ್ಯೆ ನಮಿತಾ ಬಳಿ ಕರೆದೊಯ್ದ. ಡಾಕ್ಟರು ಇಂಜೆಕ್ಷನ್ ಚುಚ್ಚಿ, ತುಟಿಗೊಂದು ಕೊಕ್ಕೆ ಸಿಕ್ಕಿಸಿ, ಹಲ್ಲಿನೊಳಗೆ ಕೂದಲಿನಂಥ ಸೂಜಿ ಇಳಿಸಿದರು. ಸೂಜಿಗೆ ಬೇರಿನ ತುದಿ ಸಿಕ್ಕರೆ ಉದ್ದ ಅಳೆಯುವ ಪಕ್ಕದ ಯಂತ್ರ ಕೂಗುತ್ತದೆ. ಅದಿನ್ನೇನು ಕೂಗಬೇಕು, ಅಸ್ಲಂ ಬಾಗಿಲಲ್ಲಿ ತಲೆಹಾಕಿದ.

“ಹೆಗ್ಡೇರೆ, ನೋಯ್ತಾ ಇದ್ಯಾ?”

ಹೆಗಡೆಯವರು ಉತ್ತರ ಕೊಡಲು ಹೋದರು. ಸೂಜಿ ಸರಿಯಿತು, ಎಂಜಲು ತುಂಬಿತು, ಅಳತೆ ಕೆಟ್ಟಿತು.

“ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ನೋವು ಬಿಡಲ್ಲ” ಎಂದು ಡಾಕ್ಟರು ಮತ್ತೆ ಶುರು ಮಾಡಿದರು.

“ನನ್ನ ಹೆಂಡ್ತಿ ಮುಮ್ತಾಜ್‌ದು ಹಲ್ಲು ಯಲ್ಲಾಪುರದಲ್ಲಿ ಕೀಳ್ಸೇಬಿಟ್ವಿ. ಅಳತೆ ಗಿಳತೆ ಎಂತದೂ ಇಲ್ಲ” ಎಂದ ಅಸ್ಲಂ. ಹೆಗಡೆಯವರು ಗಾಬರಿಯಿಂದ ತಿರುಗಿದರು. ಅಳತೆ ಮತ್ತೆ ಕೆಟ್ಟಿತು.

ಅಂತೂ ಮಧ್ಯಾಹ್ನದ ಹೊತ್ತಿಗೆ ಮೂರೂ ಬೇರಿನ ಅಳತೆ ಸಿಕ್ಕಿತು. “ಹಲ್ಲಿನ ಈ ಮೊನೆಯಿಂದ ಅಳ್ದಿದೀನಿ. ನಾಳೆ ಬೇರು ತುಂಬಿಸಿ ಮುಗಿಸ್ತೀನಿ. ಅಲ್ಲೀವರೆಗೆ ಈ ಕಡೆ ಏನೂ ಕಚ್ಚಬೇಡಿ” ಎಂದರು ಡಾಕ್ಟರು. ಹೆಗಡೆಯವರು ಕೈಮುಗಿದು ಅಸ್ಲಂನ ಜೊತೆ ವಖಾರಿಗೆ ಹೊರಟರು.

ಅಲ್ಲಿ ಅಡಿಕೆ ಮಾರಲು ಬಂದಿದ್ದ ಗುಡ್ನಾಪುರದ ಬಸಪ್ಪನ ಚೀಲದ ಮುಂದೆ ಜಗಳ ನಡೆದಿತ್ತು.

“ಚಲೋ ಒಣಗೈತ್ರಿ” ಎಂದ ಬಸಪ್ಪ.

“ಹಸಿ ಇದ್ದು” ಎಂದರು ಸಾಹುಕಾರರು.

“ಹೆಗ್ಡೇರ ಹಲ್ಲು ರೆಡಿ ಆಯ್ತು, ಅವ್ರೇ ಹೇಳ್ಲಿ” ಎಂದ ಅಸ್ಲಂ.

ಸಾಹುಕಾರರ ಕೈ ಫೋನಿನತ್ತ, ಯಂತ್ರದವನ ನಂಬರಿನತ್ತ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಹೆಗಡೆಯವರು ಎಡಕ್ಕೇ ಕಚ್ಚುವುದೆಂದುಕೊಂಡು ಅಡಿಕೆ ಬಾಯಿಗಿಟ್ಟರು. ಆದರೆ ನಾಲಿಗೆ ಎಂದಿನಂತೆ ನೋವಿಲ್ಲದ ಕಡೆ ಹುಡುಕಿತು. ಇಂಜೆಕ್ಷನ್ನಿನಿಂದ ಮರಗಟ್ಟಿದ್ದ ಬಲಗಡೆಯಷ್ಟು ಹಾಯಾದ ಜಾಗ ಅದಕ್ಕೆ ಎಷ್ಟೋ ದಿನದಿಂದ ಸಿಕ್ಕಿರಲಿಲ್ಲ. ಅಲ್ಲಿಗೇ ತಳ್ಳಿತು. ಕಟ್ ಎಂದಿತು.

“ಒಣಗಿದ್ದು” ಎಂದು ತೊದಲಿದರು.

ಸಾಹುಕಾರರು ಹೋಳು ನೋಡಿ ತಲೆದೂಗಿದರು. “ಯಂತ್ರ ಬ್ಯಾಡ. ನಾಳೆಯಿಂದ ಎಲ್ಲಾ ಚೀಲ ನೀನೇ ಕಚ್ಚಿ ನೋಡು.”

ಹೆಗಡೆಯವರು ನೋಡುತ್ತಿದ್ದುದು ತಮ್ಮ ಅಂಗೈಯನ್ನು. ಅಡಿಕೆ ಚೂರಿನ ಜೊತೆ ಒಂದು ಬಿಳಿಯ ಚೂರೂ ಇತ್ತು.

ಸಂಜೆ ಡಾಕ್ಟರು ಆ ಚೂರನ್ನು ಬೆಳಕಿಗೆ ಹಿಡಿದರು. “ಇದೇ ಮೊನೆಯಿಂದ ಅಳ್ದಿದ್ದು ನಾನು. ಈಗ ಅಷ್ಟೂ ಅಳತೆ ದಂಡ. ಮೂರೂ ಬೇರು ಮೊದಲಿಂದ ನೋಡ್ಬೇಕು.”

ತುಟಿಗೆ ಮತ್ತೆ ಕೊಕ್ಕೆ ಬಿತ್ತು. ಬಾಗಿಲಲ್ಲಿ ಅಸ್ಲಂನ ತಲೆ ಕಾಣಿಸಿತು.

“ಹೆಗ್ಡೇರೆ, ನೋಯ್ತಾ ಇದ್ಯಾ?”