ಗ್ಯಾಸ್ ತೊಳೆಯುವವನ ಪರ್ಮನೆಂಟ್ ಕೆಲಸ

ನಂಬಲ್ಲ ಅಂದ್ರೆ ಬೈರಾಪಟ್ಟಣದ ಕಡೆ ಬಂದು ನನ್ನ ಅಂಗಿ ಮೂಸಿ ನೋಡಿ, ಆಮೇಲೆ ಮಾತಾಡೋಣ. ಸಗಣಿ ಗ್ಯಾಸಿನ ಪ್ಲಾಂಟುಗಳಲ್ಲಿ ನನ್ನಂಥ ಆಪರೇಟರ್ ಇನ್ನೊಬ್ಬನಿಲ್ಲ. ನನಗೆ ಆಗುವಂಥ ಫಜೀತಿಗಳೂ ಇನ್ನೊಬ್ಬನಿಗೆ ಆಗಲ್ಲ.

ಬರೀ ನೀರು

ನಮ್ಮಲ್ಲಿ ತೆಂಗಿನ ಮರದೆತ್ತರದ ಕಬ್ಬಿಣದ ಗೋಪುರವಿದೆ. ಕೆಳಗಿನಿಂದ ಹಸಿ ಗ್ಯಾಸನ್ನು ಒತ್ತಡದಲ್ಲಿ ನುಗ್ಗಿಸುತ್ತೇವೆ, ಮೇಲಿನಿಂದ ತಣ್ಣೀರು ಸುರಿಸುತ್ತೇವೆ. ಉರಿಯದ ಗ್ಯಾಸು, ಕೊಳೆತ ಮೊಟ್ಟೆ ವಾಸನೆಯ ಗ್ಯಾಸು ಎರಡೂ ಸೋಡಾದಲ್ಲಿ ಕರಗಿದಂತೆ ನೀರಿನಲ್ಲಿ ಕರಗಿಹೋಗುತ್ತವೆ. ಉರಿಯುವ ಗ್ಯಾಸು ಮಾತ್ರ ಮೇಲಿಂದ ಹೊರಬರುತ್ತದೆ. ಇಷ್ಟನ್ನೂ ನಡೆಸುವವನು ನಾನು.

ಊರಲ್ಲಿ ಡೈರಿ ಮುಂದೆ ನಿಂತು ಇದನ್ನೆಲ್ಲ ವಿವರಿಸಿದೆ. ನಮ್ಮ ದೊಡ್ಡಪ್ಪ ಕೊನೆತನಕ ಕೇಳಿ, ನೀರಿಗೆ ಯಾವ ಔಷಧಿ ಬೆರೆಸ್ತೀರ ಅಂದರು. ಏನೂ ಇಲ್ಲ, ಬರೀ ನೀರು ಅಂದೆ.

"ನೀರುಗಂಟಿ ಕೆಲ್ಸ ಅಂತ ಮೊದ್ಲೇ ಹೇಳದಲ್ವೇನ್ಲಾ?"

ಮೊಟ್ಟೆ

ಕಬ್ಬಾಳಿನ ಹತ್ತಿರ ಹೆಣ್ಣು ನೋಡಲು ಹೋದೆ. ಸೋಪು ತಿಕ್ಕಿ ತಿಕ್ಕಿ ಮಿಂದು, ಸೆಂಟು ಸುರಿದುಕೊಂಡೇ ಹೋಗಿದ್ದೆ. ನಾನು ಕೂತಿದ್ದೇ ತಡ, ಹುಡುಗಿಯ ತಾಯಿ ಎದ್ದು ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆ ಹುಡುಕತೊಡಗಿದರು. ಹುಡುಗಿ ನನ್ನ ಮಾತಿಗೆ ನಕ್ಕಳು. ಸೆರಗನ್ನು ಮೂಗಿಗೆ ಒತ್ತಿಕೊಂಡೇ ನಕ್ಕಳು. ಇದು ಕೆಲಸದ ವಾಸನೆ, ಮೈಯದ್ದಲ್ಲ ಅಂತ ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ಕೆಲಸ ಪರ್ಮನೆಂಟಾ ಅಂತ ಅವರಪ್ಪ ಕೇಳಿದರು. ಇನ್ನೂ ಕಾಂಟ್ರಾಕ್ಟು ಅಂದೆ.

"ವಾಸ್ನೆ ಐತೆ ಅಂತ ನಾನು ಬ್ಯಾಡ ಅನ್ನಾಕಿಲ್ಲ ಕಣಪ್ಪ. ಕೆಲ್ಸಾನೂ ಆ ವಾಸ್ನೆಯಂಗೇ ಅಂಟ್ಕಂಡಿರ್ಬೇಕು. ಪರ್ಮನೆಂಟಾದ್ಮೇಲೆ ಬಾ."

ಆಯುಧಪೂಜೆ

ಹಬ್ಬದಲ್ಲಿ ಕೊಳ್ಳುವವರ ಟೆಸ್ಟಿನಲ್ಲಿ ಗ್ಯಾಸು ಫೇಲಾಗದಂತೆ ನೋಡಿಕೋ, ನಿನ್ನ ಪರ್ಮನೆಂಟ್ ಮಾಡುತ್ತೇನೆ ಎಂದಿದ್ದರು ಓನರ್. ಆಯುಧಪೂಜೆಯ ದಿನ ಅವರ ತಾಯಿ ಬಂದು, ನೀರು ತಣ್ಣಗಿಡುವ ಚಿಲ್ಲರ್ ಮೆಷಿನ್ ನಿಲ್ಲಿಸಿ, ಅದಕ್ಕೆ ಬಾಳೆಕಂದು ಕಟ್ಟಿಸಿ, ಸ್ವಿಚ್ಚಿನ ಮೇಲೆ ಕುಂಕುಮದ ನಿಂಬೆಹಣ್ಣು ಇಟ್ಟರು. ಪೂಜೆಗಿಟ್ಟಿದ್ದನ್ನು ಮಾರನೇ ದಿನ ಮರುಪೂಜೆ ಆಗುವವರೆಗೆ ಮುಟ್ಟುವಂತಿಲ್ಲ.

ಅಷ್ಟರಲ್ಲಿ ಗ್ಯಾಸು ಕೊಳ್ಳುವವರ ಲಾರಿ ಬಂತು. ಚಿಲ್ಲರ್ ಒಂದು ಬಿಟ್ಟು ಉಳಿದದ್ದೆಲ್ಲ ನಡೆಸು ಅಂದರು ಓನರ್. ನಡೆಸಿದೆ. ನೀರು ಬೆಚ್ಚಗಾಯಿತು. ಬೆಚ್ಚಗಿನ ಸೋಡಾದಲ್ಲಿ ಗ್ಯಾಸು ನಿಲ್ಲುತ್ತದೆಯೇ? ಲಾರಿಯವನು ಗ್ಯಾಸು ಎಷ್ಟು ಶುದ್ಧ ಎಂದು ಅಳೆಯುವ ಮೀಟರು ಹಿಡಿದು ನೋಡಿ, ಬೇಡ ಎಂದು ತಲೆಯಾಡಿಸಿದ.

ನನ್ನ ಮದುವೆ ಆ ಮೀಟರಿನಲ್ಲಿ ಕೂತಿತ್ತು. ಚನ್ನಪಟ್ಟಣಕ್ಕೆ ಓಡಿ, ಲಗೇಜ್ ಆಟೋ ತುಂಬ ಐಸ್ ಗಡ್ಡೆ ತಂದೆ. ಅದು ಮೀನಂಗಡಿಯದು ಎಂದು ಓನರ್ ತಾಯಿಗೆ ಹೇಳಲಿಲ್ಲ. ನೀರಿನ ತೊಟ್ಟಿಗೆ ಎತ್ತಿ ಎತ್ತಿ ಹಾಕಿ ಕೈ ಮರಗಟ್ಟಿತು. ಲಾರಿಯವನು ಮತ್ತೆ ಮೀಟರು ಹಿಡಿದ, ಗ್ಯಾಸು ಪಾಸಾಯಿತು.

ಓನರ್ ಎಲ್ಲರನ್ನೂ ಸೇರಿಸಿದರು. ಎದೆಯುಬ್ಬಿಸಿ ಮುಂದೆ ಹೋಗಿ ನಿಂತೆ.

"ನೋಡ್ರಪ್ಪ, ಚಿಲ್ಲರ್ ಇಲ್ದೇನೆ ಪಾಸಾಗ್ಬುಡ್ತು. ಎಲ್ಲಾ ನಮ್ಮಮ್ಮನ ಪೂಜೆ ಫಲ."

ನನ್ನ ಪರ್ಮನೆಂಟ್ ವಿಚಾರ ಎತ್ತಿದೆ. ಒಳ್ಳೆ ದಿನ, ಅದೆಲ್ಲ ಈಗ ಬೇಡ, ಕೈ ನೀಡು ಅಂದರು. ನೀಡಿದೆ.

ಒಂದು ಪೊಟ್ಟಣ ಕಡ್ಲೆಪುರಿ ಕೊಟ್ಟರು.