ಸಸ್ಯಾಹಾರಿಯ ಗಾಳ

ನನ್ನ ಗೆಳೆಯನಂಥ ನಿಷ್ಠಾವಂತ ಮೀನುಗಾರ ಜರ್ಮನಿಯ ಇಡೀ ಬವೇರಿಯಾ ಪ್ರಾಂತದಲ್ಲಿ ಇನ್ನೊಬ್ಬನಿಲ್ಲ. ವಸಂತ ಬಂತೆಂದರೆ ಸಾಕು, ಆಸಾಮಿ ಹೊಳೆ ಬಿಟ್ಟು ಕದಲುವುದಿಲ್ಲ. ಮೊನ್ನೆಯವರೆಗೆ ಒಂದೇ ಒಂದು ಮೀನನ್ನೂ ಹಿಡಿದಿರಲಿಲ್ಲ, ಅಷ್ಟೆ!

ಹಿಡಿಯುವುದಾದರೂ ಹೇಗೆ? ಬಾಗಲಕೋಟೆ ಕಡೆಯವನು, ಮೊಟ್ಟೆ ಹಾಕಿದ ಕೇಕನ್ನೂ ಮೂಸಿ ಪಕ್ಕಕ್ಕಿಡುವ ಕಟ್ಟಾ ಸಸ್ಯಾಹಾರಿ. ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕುಗಳ ಇಂಜಿನಿಯರ್. ಒಮ್ಮೆ ಆಫೀಸಿನವರ ಜೊತೆ ಹೊಳೆಗೆ ಹೋದವನು, ಟ್ರೌಟ್ ಮೀನು ಮೇಲೆ ಚಿಮ್ಮಿ ನೊಣ ಹಿಡಿಯುವುದನ್ನು ನೋಡಿ ಮರುಳಾದ. ಪರೀಕ್ಷೆ ಬರೆದು ಫಿಶರೈಶೈನ್ ಎಂಬ ಮೀನುಗಾರಿಕೆ ಲೈಸೆನ್ಸನ್ನೂ ಗಿಟ್ಟಿಸಿದ. ಮೀನು ಕೊಲ್ಲುವ ಪಾಠವನ್ನು ಮಾತ್ರ ಒಂದೇ ಕಣ್ಣಲ್ಲಿ ಓದಿದನಂತೆ!

ತೊಡಕಿದ್ದದ್ದು ಇಲ್ಲಿಯ ನಿಯಮದಲ್ಲಿ. ಅಳತೆಗೆ ಬಂದ ಮೀನನ್ನು ಮೋಜಿಗೆ ಹಿಡಿದು ಮತ್ತೆ ಬಿಡುವಂತಿಲ್ಲ, ಅಡುಗೆಗೆ ಒಯ್ಯಬೇಕು. ಇಂಜಿನಿಯರ್ ಅಲ್ಲವೇ, ದಾರಿ ಹುಡುಕಿದ. ಕೊಕ್ಕೆಗೆ ಹಕ್ಕಿಯ ಗರಿ ಇಟ್ಟು, ಹೆಂಡತಿಯ ಹಳೇ ಇಳಕಲ್ ಸೀರೆಯ ದಾರ ಸುತ್ತಿ, ಮೀನನ್ನು ಮರುಳು ಮಾಡುವ ಚೆಂದದ ಹುಸಿ ನೊಣ ಕಟ್ಟುತ್ತಾನೆ. ಆಮೇಲೆ ಇಕ್ಕಳ ತೆಗೆದು ಕೊಕ್ಕೆಯ ಮೊನೆಯನ್ನೇ ಕತ್ತರಿಸಿಬಿಡುತ್ತಾನೆ!

"ಎಂಥಾ ಗಾಳ ಮಾರಾಯಾ ಇದು?" ಎಂದು ಕೇಳಿದ್ದೆ.

"ಮೀನಿಗೆ ನೊಣದ ಆಸೆ, ನನಗ ಅದು ಜಿಗಿಯೂದು ನೋಡೂ ಆಸೆ. ನಡುವ ಕೊಕ್ಕಿ ಯಾಕ ಬೇಕಲೇ?"

ಈ ವಸಂತದಲ್ಲಿ ನಾನೂ ಅವನ ಬೆನ್ನು ಬಿದ್ದೆ. ಕಾರವಾರದವನಾದ ನನಗೆ ಮೀನಿಲ್ಲದ ಊಟ ಊಟವೇ ಅಲ್ಲ ನಿಜ, ಆದರೆ ಹೊರಟದ್ದು ನನಗಾಗಿ ಅಲ್ಲ. ಆಪರೇಶನ್ ಆದಮೇಲೆ ನನ್ನ ಹೆಂಡತಿಗೆ ಏನೂ ಸೇರುತ್ತಿರಲಿಲ್ಲ. ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು. ಇಳಿದುಹೋದ ಅವಳ ಮುಖ ನೋಡಿ ನನಗೆ ಭಯವಾಗಿತ್ತು. "ಅಂಗಡಿದು ಬೇಡ. ಹೊಳೆಯಿಂದ ಈಗಷ್ಟೇ ತಂದ ಮೀನಿನ ಸಾರಾದ್ರೆ ನೋಡ್ತೆ" ಅಂದಿದ್ದಳು.

ದಾರಿಯಲ್ಲಿ ಇದನ್ನು ಗೆಳೆಯನಿಗೆ ಹೇಳಿದೆ. ಪುಣ್ಯಾತ್ಮ ಕಾರಿನ ರೇಡಿಯೋ ಹಚ್ಚಿದ! ಲೈಸೆನ್ಸ್ ಇಲ್ಲದ ನಾನು ಗಾಳ ಮುಟ್ಟುವಂತೆಯೂ ಇರಲಿಲ್ಲ.

ಹೊಳೆಗಿಳಿದ ಮೇಲೆ ಅವನ ಕೈಚಳಕ ನೋಡಬೇಕು! ದಾರ ಗಾಳಿಯಲ್ಲಿ ಸುತ್ತಿ, ನೊಣ ನೀರಿನ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. "ಬಾರವ್ವಾ, ಬಾ" ಎಂದು ಕರೆದರೆ ಮೀನು ಬರುತ್ತಿತ್ತು, ಕಚ್ಚುತ್ತಿತ್ತು, ಉಗುಳಿ ಹೋಗುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ. ಆಚೆ ದಡದ ಜರ್ಮನ್ ಅಜ್ಜ "ಪೆಟ್ರಿ ಹೈಲ್!" ಎಂದು ಮೀನುಗಾರರ ಶುಭಾಶಯ ಕೂಗಿ, ಎಷ್ಟು ಸಿಕ್ಕವೆಂದು ವಿಚಾರಿಸಿದ. "ಎಲ್ಲವೂ ಬಂದು ಮಾತಾಡಿಸಿ ಹೋದವು" ಎಂದು ನಮ್ಮವನು ಜರ್ಮನ್ನಿನಲ್ಲೇ ಉತ್ತರಿಸಿದ!

ಮಧ್ಯಾಹ್ನ ಗೆಳೆಯ ಬಂಡೆಯ ಮೇಲೆ ಕುಳಿತ. ಡಬ್ಬಿ ತೆರೆದು ಒಂದು ಹೊಸ ನೊಣ ತೆಗೆದ. ಅದರ ಕೊಕ್ಕೆಗೆ ಮೊನೆಯಿತ್ತು.

"ವೈನಿ ಖರೇನ ಉಣ್ತಾರೇನಲೇ?" ಎಂದು ನನ್ನ ಹೆಂಡತಿಯ ಬಗ್ಗೆ ಕೇಳಿದ.

"ಉಣ್ತಾಳೆ" ಎಂದೆ. ನನಗೇನು ಗೊತ್ತಿತ್ತು?

ಮೊದಲ ಎಸೆತಕ್ಕೇ ಸಿಕ್ಕಿತು. "ನೀ ಆ ಕಡೆ ಹೊಳ್ಳಿ ನಿಂದ್ರು" ಎಂದ. ಬೆನ್ನ ಹಿಂದೆ "ತಪ್ಪಾತವ್ವಾ" ಎಂಬ ದನಿ, ಒಂದು ಪೆಟ್ಟು. ಮೀನಿನ ಚೀಲವನ್ನು ನನ್ನಿಂದಲೇ ಡಿಕ್ಕಿಗೆ ಹಾಕಿಸಿ, ಕಾರನ್ನು ನೇರ ನಮ್ಮ ಮನೆಗೆ ಓಡಿಸಿದ.

ಸಾರು ಕುದಿಯುವಾಗ, ವಾಸನೆ ತಡೆಯಲಾರದೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಹೆಂಡತಿಗೆ ಬಡಿಸಿ, ಆಮೇಲೆ ನಾನೂ ಹೋದೆ. ಅವನ ಒಂದು ಕೈಯಲ್ಲಿ ಆ ನೊಣ, ಇನ್ನೊಂದರಲ್ಲಿ ಇಕ್ಕಳ. ಮೊನೆ ಕತ್ತರಿಸುವುದರಲ್ಲಿದ್ದ.

"ಉಂಡ್ರೇನು?"

"ತಟ್ಟೆ ಖಾಲಿ. ಇನ್ನಷ್ಟು ಬೇಕಂತೆ."

ಅವನು ಕೊಕ್ಕೆಯನ್ನು ಒಂದು ಗಳಿಗೆ ನೋಡಿದ. ಇಕ್ಕಳವನ್ನು ಜೇಬಿಗಿಳಿಸಿದ.

"ಹಂಗಾರ ಇದು ಹಿಂಗ ಇರ್ಲಿ" ಎಂದ. "ಮುಂದಿನ ಐತ್ವಾರ ಲಗೂನ ಹೋಗೂಣು."